ಷರಾ ಕಾಲಂ ಬಿಡಬೇಡಿ: ಮೊಬೈಲ್‌ನಲ್ಲಿ ತೋಟದ ಲೆಕ್ಕದ ಟೇಬಲ್ ಹಾಕೋದು ಹೀಗೆ

ಕೆಲವು ವರ್ಷಗಳ ಹಿಂದಿನ ಮಾತು. ರೋಬಸ್ಟಾ ಕೊಯ್ಲು ಮುಗಿಯುವ ಹೊತ್ತು. ನಮ್ಮ ಕಣದ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ ಸಾವಯವ ತಪಾಸಣೆಯವರು ಕಾಫಿ ಲೋಟ ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದರು: "ಗಡಿ ಸಾಲಿನ ಹಣ್ಣು ಎಷ್ಟು ಬಂತು ಮೇಡಂ, ಅದು ಎಲ್ಲಿಗೆ ಹೋಯ್ತು?"

ಸಾವಯವ ಮಾಡುವವರಿಗೆ ಈ ಪ್ರಶ್ನೆ ಹೊಸದಲ್ಲ. ಪಕ್ಕದ ತೋಟದವರು ರಾಸಾಯನಿಕ ಹೊಡೆಯುತ್ತಾರೆ ಅಂದ್ರೆ, ಬೇಲಿ ಪಕ್ಕದ ಸಾಲುಗಳ ಹಣ್ಣನ್ನು ಬೇರೆ ಕೊಯ್ದು, ಬೇರೆ ಒಣಗಿಸಿ, ಸಾಮಾನ್ಯ ಕಾಫಿ ಅಂತಲೇ ಮಾರಬೇಕು. ನಾವು ಹಾಗೇ ಮಾಡಿದ್ದೆವು. ಆದರೆ ಬರೆದಿಟ್ಟಿದ್ದು ವಾಟ್ಸ್‌ಆ್ಯಪ್‌ನಲ್ಲಿ, ನನಗೆ ನಾನೇ ಕಳಿಸಿಕೊಂಡ ಮೆಸೇಜುಗಳಲ್ಲಿ. ಸ್ಪೇಸ್ ಒತ್ತಿ ಒತ್ತಿ ಕಾಲಂ ತರಹ ಜೋಡಿಸಿದ್ದೆ. ಅವರ ಫೋನಿಗೆ ಕಳಿಸಿದಾಗ ಎಲ್ಲ ಕಲಸಿಹೋಗಿತ್ತು. ಯಾವ ತೂಕ ಯಾವ ಬ್ಲಾಕಿಗೆ ಸೇರಿದ್ದು ಅಂತ ನನಗೇ ಗೊತ್ತಾಗಲಿಲ್ಲ. ಅದಕ್ಕಿಂತ ಕೆಟ್ಟದ್ದು, ಸುಸ್ತಾಗಿದ್ದ ಒಂದು ಸಂಜೆ ನಾನೇ "ಗಡಿ + ಮೇಲಿನ ತೋಟ 412" ಅಂತ ಒಟ್ಟಿಗೆ ಬರೆದಿದ್ದೆ.

"ನೀವು ಸುಳ್ಳು ಹೇಳ್ತಿಲ್ಲ ಅಂತ ನನಗೆ ಗೊತ್ತು. ಆದ್ರೆ ಇಲ್ಲಿ ಕಾಣೋದನ್ನ ಮಾತ್ರ ನಾನು ಬರೀಬಹುದು," ಅಂದರು. ತಪ್ಪು ಅವರದಲ್ಲ. ಆ ವರ್ಷದ ಅಷ್ಟೂ ರೋಬಸ್ಟಾ ಸಾಮಾನ್ಯ ಕಾಫಿಯ ಲೆಕ್ಕಕ್ಕೆ ಹೋಯಿತು. ಕಾಫಿಯಂಥ ಬಹುವಾರ್ಷಿಕ ಬೆಳೆಗೆ ಕನಿಷ್ಠ 36 ತಿಂಗಳು ಪರಿವರ್ತನಾ ಅವಧಿ ಇದೆ. ಅಷ್ಟು ದಿನ ಕಾದ ಮೇಲೆ, ಒಂದು ಸರಿಯಾದ ಟೇಬಲ್ ಇಲ್ಲದೆ ಫಸಲು ಕೈತಪ್ಪಿತು. ಮೂಡಿಗೆರೆ ತೋಟಗಾರಿಕಾ ಕಾಲೇಜಿನಲ್ಲಿ ನಾಲ್ಕು ವರ್ಷ ಪ್ರಾಕ್ಟಿಕಲ್ ರೆಕಾರ್ಡಿಗೆ ಸ್ಕೇಲ್ ಇಟ್ಟು ಕೋಷ್ಟಕ ಎಳೆದವಳು ನಾನು. ಮನೆ ತೋಟಕ್ಕೆ ಬಂದಾಗ ಅದನ್ನೇ ಮರೆತಿದ್ದೆ.

ಹಾಗಾಗಿ ಈ ವಾರ ರೋಗ, ಗೊಬ್ಬರ ಯಾವುದೂ ಇಲ್ಲ. ಟೇಬಲ್ ಹಾಕುವುದರ ಬಗ್ಗೆ ಮಾತ್ರ.

ಅಪ್ಪನ ಮಳೆ ಪುಸ್ತಕ

ನಮ್ಮ ಕಡೆ ಹಳೆ ತೋಟದ ಮನೆಗಳಲ್ಲಿ ಮಳೆ ಪುಸ್ತಕ ಇದ್ದೇ ಇರುತ್ತದೆ. ಕಳಸ ಇರಲಿ, ಕೊಟ್ಟಿಗೆಹಾರ ಇರಲಿ, ಇಬ್ಬರು ಬೆಳೆಗಾರರು ಸಿಕ್ಕರೆ ಮೊದಲ ಮಾತು "ನಿಮ್ಮಲ್ಲಿ ಎಷ್ಟಾಯ್ತು?" ಅಂತಲೇ. ಉತ್ತರ ಇಂಚು ಮತ್ತು ಸೆಂಟ್ಸ್‌ನಲ್ಲಿ. ನೂರು ಸೆಂಟ್ಸ್ ಸೇರಿದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್.

ಅಪ್ಪನ ಪುಸ್ತಕ ತೆಗೆದು ನೋಡಿದೆ. ಪ್ರತಿ ಪುಟದಲ್ಲೂ ಸ್ಕೇಲಿನಿಂದ ಎಳೆದ ಮೂರೇ ಕಾಲಂ: ತಾರೀಕು, ಮಳೆ, ಷರಾ. ದಿನಕ್ಕೊಂದು ಸಾಲು. ಮಳೆ ಬರದ ದಿನ ಸೊನ್ನೆ. ಷರಾ ಕಾಲಂನಲ್ಲಿ "ಹೂ ಬಿಟ್ಟಿತು", "ಸಿಡಿಲು, ಕರೆಂಟಿಲ್ಲ", "ಹೊಳೆ ದಾಟಲು ಆಗಲಿಲ್ಲ" ಅಂತ ಎರಡೆರಡು ಪದ. ಎಸ್ಟೇಟಿನ ರೈಟರುಗಳು ಚೆಕ್‌ರೋಲ್ ಬರೆಯುವುದೂ ಇದೇ ಶಿಸ್ತಿನಲ್ಲಿ. ಟೇಬಲ್ ಅಂದ್ರೆ ಕಂಪ್ಯೂಟರ್ ಜೊತೆ ಬಂದಿದ್ದಲ್ಲ, ಅದು ಮಲೆನಾಡಿನ ತೋಟಗಳಲ್ಲಿ ಮೊದಲೇ ಇತ್ತು.

ನಾವು ಬೆಳೆಯುವ ತಳಿಗಳೂ ಇಂಥ ಬರವಣಿಗೆಯಿಂದಲೇ ಬಂದವು. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ ಕೊಟ್ಟ ಎಸ್.795 ಅರೇಬಿಕಾ ನಮ್ಮ ಬೆಟ್ಟಗಳಲ್ಲಿ ಇಂದಿಗೂ ಇದೆ. 'ಎಸ್' ಅಂದರೆ ಸೆಲೆಕ್ಷನ್, ಆಯ್ಕೆ. 795 ಅದರ ಸಂಖ್ಯೆ. ಎಸ್.288 ಮತ್ತು ಕೆಂಟ್ಸ್ ತಳಿಗಳನ್ನು ಕೂಡಿಸಿ, ಗಿಡಗಿಡದ ಲೆಕ್ಕ ಬರೆದಿಟ್ಟು, ಒಳ್ಳೆಯದನ್ನು ಆರಿಸಿದ ಫಲ ಅದು. ಬರೆದಿಡದೆ ಯಾರೂ ತಳಿ ಆಯ್ಕೆ ಮಾಡಲು ಆಗುವುದಿಲ್ಲ.

ಸ್ಪೇಸ್ ಒತ್ತಿ ಮಾಡಿದ ಟೇಬಲ್ ಯಾಕೆ ಕೆಡುತ್ತದೆ?

ಕನ್ನಡದಲ್ಲಿ 'ರ' ಸಣ್ಣದು, 'ತ್ರೈ' ಅಗಲ. ಒಂದೊಂದು ಅಕ್ಷರ ಒಂದೊಂದು ಅಗಲ ಇರುವಾಗ ಸ್ಪೇಸ್ ಎಣಿಸಿ ಸಾಲು ಕೂಡಿಸಲು ಆಗುವುದಿಲ್ಲ. ನಿಮ್ಮ ಫೋನಿನಲ್ಲಿ ಕೂಡಿದ್ದು ಬೇರೆ ಅಕ್ಷರ ಗಾತ್ರ, ಬೇರೆ ಅಗಲದ ಸ್ಕ್ರೀನ್ ಇರುವ ಫೋನಿನಲ್ಲಿ ಚೆಲ್ಲಾಪಿಲ್ಲಿ ಆಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಅಕ್ಷರಗಳನ್ನು ಸಮ ಅಗಲಕ್ಕೆ ತರುವ ಒಂದು ಉಪಾಯ ಇದೆ. ಆದರೆ ಅದು ಇಂಗ್ಲಿಷ್ ಅಕ್ಷರಕ್ಕೆ ಒಗ್ಗುವಷ್ಟು ಕನ್ನಡಕ್ಕೆ ಒಗ್ಗುವುದಿಲ್ಲ. ಜೊತೆಗೆ ಮೆಸೇಜಿನಲ್ಲಿರುವ ಅಂಕಿಗಳನ್ನು ಅದು ಕೂಡಿ ಕೊಡುವುದೂ ಇಲ್ಲ.

ಆದ್ದರಿಂದ ಲೆಕ್ಕ ಇರಬೇಕಾದ್ದು ನಿಜವಾದ ಚೌಕಗಳಲ್ಲಿ. ನಾನು ಗೂಗಲ್ ಶೀಟ್ಸ್ ಬಳಸುತ್ತೇನೆ. ಖರ್ಚಿಲ್ಲ, ಫೋನ್ ಬಿದ್ದು ಒಡೆದರೂ ಲೆಕ್ಕ ಉಳಿಯುತ್ತದೆ. ಬೇರೆ ಆ್ಯಪ್ ನಿಮಗೆ ಒಗ್ಗಿದ್ದರೆ ಅದನ್ನೇ ಇಟ್ಟುಕೊಳ್ಳಿ, ಕೆಳಗಿನ ನಿಯಮಗಳೇನೂ ಬದಲಾಗುವುದಿಲ್ಲ.

ಒಂದು ಸಾಲು, ಒಂದು ಸಂಗತಿ

ಗೆರೆ, ಬಣ್ಣ ಎಲ್ಲ ಆಮೇಲೆ. ಮೊದಲು ತಲೆಯಲ್ಲಿ ಟೇಬಲ್ ಮೂಡಬೇಕು. ನನ್ನ ನಿಯಮ ಇಷ್ಟೇ: ಒಂದು ಸಾಲಿನಲ್ಲಿ ಒಂದೇ ಸಂಗತಿ, ಒಂದು ಕಾಲಂನಲ್ಲಿ ಒಂದೇ ಜಾತಿಯ ಉತ್ತರ. ಒಂದೇ ದಿನ ಎರಡು ಬ್ಲಾಕ್ ಕೊಯ್ದರೆ ಎರಡು ಸಾಲು. ಅವತ್ತು ನಾನು ಒಟ್ಟಿಗೆ ಬರೆದ 412 ಹೀಗಿರಬೇಕಿತ್ತು (ತಾರೀಕು ಮಾದರಿಗೆ):

| ದಿನಾಂಕ | ಬ್ಲಾಕ್ | ಹಣ್ಣು, ಕೆ.ಜಿ. | ಒಣಗಿಸಿದ್ದು | ಷರಾ |
|---|---|---|---|---|
| 20/01/2025 | ಗಡಿ | 148 | ಕಣ 2 | ಸಾಮಾನ್ಯ, ಬೇರೆ ಚೀಲ |
| 20/01/2025 | ಮೇಲಿನ ತೋಟ | 264 | ಕಣ 1 | |
| 21/01/2025 | ಹೊಳೆ ಬದಿ | 310 | ಕಣ 1 | ಮಧ್ಯಾಹ್ನ ಮೋಡ |

ತಪಾಸಣೆಯವರ ಪ್ರಶ್ನೆಗೆ ಮೊದಲ ಸಾಲೇ ಉತ್ತರ. ಎಷ್ಟು ಬಂತು? 148. ಎಲ್ಲಿಗೆ ಹೋಯ್ತು? ಕಣ 2. ಹೀಗೆ ಯೋಚಿಸಿ: ನಾಳೆ ಯಾರು ಏನು ಕೇಳಬಹುದು? ಆ ಒಂದೊಂದು ಪ್ರಶ್ನೆಯೂ ಒಂದೊಂದು ಕಾಲಂ.

ಇನ್ನೊಂದು ಮಾತು. ತಾರೀಕುಗಳನ್ನು ಮೇಲೆ ಅಡ್ಡಕ್ಕೆ ಬರೆದು, ಬ್ಲಾಕುಗಳನ್ನು ಎಡಕ್ಕೆ ಇಡುವವರಿದ್ದಾರೆ. ಗೋಡೆಗೆ ಅಂಟಿಸುವ ಹಾಳೆಗೆ ಅದು ಚೆಂದ. ಫೋನಿನಲ್ಲಿ ಹದಿನೈದನೇ ತಾರೀಕಿಗೆ ಹೋಗಲು ಬೆರಳು ಸವೆಯುತ್ತದೆ. ಫೋನಿನ ಟೇಬಲ್ ಅಗಲಕ್ಕೆ ಬೆಳೆಯಬಾರದು, ಉದ್ದಕ್ಕೆ ಬೆಳೆಯಬೇಕು. ಐದಾರು ಕಾಲಂ ಸಾಕು.

ಶುರು ಮಾಡುವ ಕ್ರಮ

1. ಶೀಟ್ಸ್ ಆ್ಯಪ್ ತೆರೆದು ಪ್ಲಸ್ ಗುರುತು ಒತ್ತಿ ಹೊಸ ಶೀಟ್ ಮಾಡಿ. ಹೆಸರಿನಲ್ಲೇ ವರ್ಷ ಇರಲಿ: "ಕೊಯ್ಲು 2025-26".

2. ಮೊದಲ ಸಾಲು ತಲೆಬರಹಕ್ಕೆ. ಅಳತೆ ಅಲ್ಲೇ ಬರಲಿ: "ಹಣ್ಣು, ಕೆ.ಜಿ.". ಕೆಳಗಿನ ಚೌಕದಲ್ಲಿ ಬರೀ 148. "148 ಕೆ.ಜಿ." ಅಂತ ಬರೆದರೆ ಶೀಟ್ ಅದನ್ನು ಅಂಕಿ ಅಂತ ಲೆಕ್ಕಕ್ಕೆ ಇಡುವುದಿಲ್ಲ, ಬರಹ ಅಂದುಕೊಂಡು ಮೊತ್ತದಿಂದ ಬಿಟ್ಟುಬಿಡುತ್ತದೆ.

3. ಎಡತುದಿಯ 1 ಎಂಬ ಸಾಲು ಸಂಖ್ಯೆ ಒತ್ತಿ, ಬರುವ ಮೆನುವಿನಲ್ಲಿ 'ಫ್ರೀಜ್' ಆರಿಸಿ. ನೂರನೇ ಸಾಲಿಗೆ ಹೋದರೂ ತಲೆಬರಹ ಮೇಲೆ ಕಾಣುತ್ತಿರುತ್ತದೆ.

4. ಶೀಟಿನ ಸೆಟ್ಟಿಂಗ್ಸ್‌ನಲ್ಲಿ 'ಲೊಕೇಲ್' ಭಾರತ ಅಂತ ಇದೆಯಾ ನೋಡಿ. ಅಮೆರಿಕ ಅಂತಿದ್ದರೆ ನೀವು 5/3 ಎಂದು ಬರೆದ ಮಾರ್ಚ್ ಐದು, ಮೇ ಮೂರು ಆಗಿಬಿಡುತ್ತದೆ.

5. ಬ್ಲಾಕಿನ ಹೆಸರು ಪ್ರತಿ ಸಲ ಒಂದೇ ತರಹ ಬರೆಯಿರಿ. "ಹೊಳೆ ಬದಿ", "ಹೊಳೆಬದಿ", "ಹೊಳೆ ಪಕ್ಕ" ನಮಗೆ ಒಂದೇ ಜಾಗ, ಶೀಟಿಗೆ ಮೂರು ಜಾಗ. ಡ್ರಾಪ್‌ಡೌನ್ ಪಟ್ಟಿ ಮಾಡಿಟ್ಟರೆ ಈ ತೊಂದರೆ ಇಲ್ಲ, ಒತ್ತಿದರೆ ಹೆಸರು ಬರುತ್ತದೆ.

6. ಫೈಲಿನ ಮೂರು ಚುಕ್ಕಿ ಒತ್ತಿ 'ಆಫ್‌ಲೈನ್' ಆನ್ ಮಾಡಿ. ಕಳಸದ ಕಡೆ ತೋಟದಲ್ಲಿ ನೆಟ್‌ವರ್ಕ್ ಹುಡುಕುತ್ತಾ ನಿಲ್ಲಬೇಕಾಗಿಲ್ಲ. ಸಂಜೆ ಮನೆಗೆ ಬಂದಾಗ ತಾನೇ ಸೇರಿಕೊಳ್ಳುತ್ತದೆ.

ಮೊತ್ತ ಬೇಕಾದರೆ ಆ ಕಾಲಂನ ಚೌಕಗಳನ್ನು ಆರಿಸಿದರೆ ಸಾಕು, ಸ್ಕ್ರೀನಿನ ಕೆಳಗೆ ಒಟ್ಟು ತೋರಿಸುತ್ತದೆ.

ನಾನು ಬಿದ್ದ ಗುಂಡಿಗಳು

ಉತ್ಸಾಹದಲ್ಲಿ ಅಪ್ಪನ ಮಳೆ ಪುಸ್ತಕವನ್ನೂ ಫೋನಿಗೆ ಏರಿಸಲು ಹೊರಟೆ. ಅಪ್ಪ ಒಂದು ಇಂಚು ಐದು ಸೆಂಟ್ಸನ್ನು "1-05" ಅಂತ ಬರೆಯುತ್ತಿದ್ದರು. ನಾನೂ ಹಾಗೇ ಒತ್ತಿದೆ. ಶೀಟ್ ಅದನ್ನು ತಾರೀಕು ಅಂದುಕೊಂಡು ಮೇ ಒಂದು ಮಾಡಿತು! ಅಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿ, "ಎಂಥ ಮಾರಾಯ್ತಿ ಇದು, ಮಳೆ ಅಳೆಯೋಕೆ ಹೇಳಿದ್ರೆ ಪಂಚಾಂಗ ಬರೀತಾ ಇದೆ," ಅಂದರು.

ಸರಿ ಅಂತ ಚುಕ್ಕಿ ಹಾಕಿ 1.5 ಬರೆದೆ. ಅದು ಇನ್ನೂ ದೊಡ್ಡ ತಪ್ಪು. 1.5 ಅಂದರೆ ಒಂದು ಇಂಚು ಐವತ್ತು ಸೆಂಟ್ಸ್. ಐದು ಸೆಂಟ್ಸ್ ಅಂದರೆ 1.05. ಸೊನ್ನೆ ಬಿಟ್ಟಿದ್ದಕ್ಕೆ ಇಲ್ಲದ 45 ಸೆಂಟ್ಸ್ ಮಳೆ ಪುಸ್ತಕಕ್ಕೆ ಬಂತು. ಬೇಸಿಗೆಯಲ್ಲಿ ಇದು ಹುಡುಗಾಟವಲ್ಲ. ರೋಬಸ್ಟಾ ಹೂ ಅರಳಲು ಸುಮಾರು ಒಂದು ಇಂಚು ನೀರು ಬೇಕು. ಬಂದ ಮಳೆ ಸಾಕಾ, ಸ್ಪ್ರಿಂಕ್ಲರ್ ಹಾಕಬೇಕಾ ಅನ್ನುವ ತೀರ್ಮಾನ ಇದೇ ಅಂಕಿಯ ಮೇಲೆ ನಿಂತಿರುತ್ತದೆ. ಆ ಕಾಲಂ ಆರಿಸಿ ಅಂಕಿಯ ಫಾರ್ಮ್ಯಾಟ್‌ನಲ್ಲಿ ಚುಕ್ಕಿಯ ನಂತರ ಎರಡು ಸ್ಥಾನ ಅಂತ ಹೇಳಿಬಿಡಿ. ಆಗ 1.5 ಒತ್ತಿದರೆ 1.50 ಅಂತ ಕಾಣುತ್ತದೆ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಮೂರನೆಯದು ನನ್ನನ್ನು ನಿಜವಾಗಿ ನಾಚಿಸಿದ್ದು. 2019ರ ಆಗಸ್ಟ್ ನಿಮಗೂ ನೆನಪಿರಬೇಕು. ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳು ಜರಿದು ಮನೆ, ತೋಟ ಎಲ್ಲ ಮಣ್ಣಿನಡಿ ಹೋದ ತಿಂಗಳು. ಅಪ್ಪನ ಪುಸ್ತಕದಲ್ಲಿ ಆ ತಿಂಗಳ ಎರಡು ದಿನ ಮಳೆ ಕಾಲಂ ಖಾಲಿ. ನಾನು ಯೋಚಿಸದೆ ಸೊನ್ನೆ ತುಂಬಿದೆ. ತಿಂಗಳ ಮೊತ್ತ ನೋಡಿ ಅಪ್ಪ ತಲೆ ಅಲ್ಲಾಡಿಸಿ, ಪುಸ್ತಕದ ಬಲತುದಿಗೆ ಬೆರಳಿಟ್ಟರು. ಷರಾ ಕಾಲಂನಲ್ಲಿ ಇತ್ತು: "ಮಾಪಕ ತುಂಬಿ ಚೆಲ್ಲಿತು."

ಊರು ಕಂಡ ಅತಿ ಜೋರು ಮಳೆಯ ಎರಡು ದಿನಗಳನ್ನು ನಾನು ಒಣ ದಿನ ಮಾಡಿಬಿಟ್ಟಿದ್ದೆ.

ಆವತ್ತಿನಿಂದ ನಮ್ಮ ಮನೆಯಲ್ಲಿ ಇದು ಕಾನೂನು. ಮಳೆ ಬರಲಿಲ್ಲ ಅಂದ್ರೆ 0. ಅಳೆಯಲಿಲ್ಲ ಅಂದ್ರೆ ಖಾಲಿ, ಮತ್ತು ಯಾಕೆ ಅಂತ ಷರಾ. ಸೊನ್ನೆ ಒಂದು ಅಳತೆ. ಖಾಲಿ ಅಂದರೆ ಗೊತ್ತಿಲ್ಲ ಅಂತ. ಇವೆರಡನ್ನು ಬೆರೆಸಿದರೆ ಟೇಬಲ್ ಚೆಂದ ಕಾಣುತ್ತಲೇ ಸುಳ್ಳು ಹೇಳುತ್ತದೆ.

| ದಿನಾಂಕ | ಮಳೆ, ಇಂಚು | ಷರಾ |
|---|---|---|
| 17/03/2025 | 0.00 | ಮೋಡ ಮಾತ್ರ |
| 18/03/2025 | 1.05 | ನಿನ್ನೆ ಸಂಜೆ ಬಂದಿದ್ದು, ಹೂಮಳೆ |
| 19/03/2025 | | ಊರಲ್ಲಿ ಇರಲಿಲ್ಲ, ಅಳೆದಿಲ್ಲ |

(ಇದೂ ಮಾದರಿ.) ಮಳೆ ಅಳೆಯುವುದು ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ. ಹವಾಮಾನ ಇಲಾಖೆ 8.30ಕ್ಕೆ ಅಳೆಯುತ್ತದೆ, ಹಿಂದಿನ 24 ಗಂಟೆಯ ಮಳೆ ಆ ದಿನದ ಲೆಕ್ಕಕ್ಕೆ. ನಾವೂ ಹಾಗೇ ಮಾಡಿದರೆ ಹೋಲಿಸಿ ನೋಡಲು ಸುಲಭ. ಹೂಮಳೆಯ ತಾರೀಕು ಇದ್ದರೆ ಬ್ಯಾಕಿಂಗ್ ಮಳೆಗೆ ಎಷ್ಟು ದಿನ ಕಾಯಬಹುದು, ಯಾವಾಗ ಪೈಪ್ ಎಳೆಯಬೇಕು ಅಂತ ದಿನ ಎಣಿಸಬಹುದು.

ಅಲಂಕಾರ ಎಷ್ಟು ಬೇಕು?

ಸ್ವಲ್ಪ ಬೇಕು. ತಲೆಬರಹ ದಪ್ಪಕ್ಷರ ಮಾಡಿ, ಹಿಂದೆ ತೆಳು ಬಣ್ಣ ಕೊಡಿ. ಬರಹ ಎಡಕ್ಕೆ, ಅಂಕಿ ಬಲಕ್ಕೆ ಇರಲಿ. ಶೀಟ್ ತಾನಾಗಿಯೇ ಹೀಗೆ ಮಾಡುತ್ತದೆ, ಅದನ್ನು ಮುಟ್ಟಬೇಡಿ. ಯಾಕಂದ್ರೆ ಅದೊಂದು ಪರೀಕ್ಷೆ: ತೂಕದ ಕಾಲಂನಲ್ಲಿ ಯಾವುದಾದರೂ ಅಂಕಿ ಎಡಕ್ಕೆ ವಾಲಿದ್ದರೆ ಶೀಟ್ ಅದನ್ನು ಅಂಕಿ ಅಂತ ಒಪ್ಪಿಲ್ಲ ಎಂದರ್ಥ. ಒಂದು ಸ್ಪೇಸೋ, ಒಂದು ಅಕ್ಷರವೋ ಸೇರಿಕೊಂಡಿರುತ್ತದೆ. ಷರಾ ಉದ್ದವಾದರೆ 'ವ್ರ್ಯಾಪ್' ಕೊಡಿ, ಚೌಕದೊಳಗೇ ಮಡಚಿಕೊಳ್ಳುತ್ತದೆ.

ಮಾಡಬಾರದ್ದು ಎರಡು. ಒಂದು, ಚೌಕಗಳನ್ನು ಕೂಡಿಸಿ 'ಮರ್ಜ್' ಮಾಡಬೇಡಿ. ನೋಡಲು ಚೆಂದ, ಆದರೆ ಆಮೇಲೆ ವಿಂಗಡಿಸಲು ಹೋದರೆ ತಕರಾರು ಮಾಡುತ್ತದೆ. ಎರಡು, ಮಾಹಿತಿಯನ್ನು ಬಣ್ಣದಲ್ಲಿ ಮಾತ್ರ ಇಡಬೇಡಿ. "ಕೆಂಪು ಅಂದ್ರೆ ಗಡಿ ಹಣ್ಣು" ಅಂತ ನಿಮಗೆ ಗೊತ್ತು. ಕಪ್ಪು-ಬಿಳುಪು ಜೆರಾಕ್ಸ್ ಓದುವವರಿಗೆ ಗೊತ್ತಿಲ್ಲ.

ಇನ್ನೆಲ್ಲಿ ಕೆಲಸಕ್ಕೆ ಬರುತ್ತದೆ?

*ಸಿಂಪಡಣೆ.* ಶೇಕಡ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಸಾವಯವದಲ್ಲಿ ತಾಮ್ರಕ್ಕೆ ಮಿತಿ ಇದೆ, ಆದ್ದರಿಂದ ವರ್ಷದ ಮೊತ್ತ ಗೊತ್ತಿರಬೇಕು. ಮೈಲುತುತ್ತದಲ್ಲಿ ತಾಮ್ರ ಸುಮಾರು ಕಾಲು ಭಾಗ, ಅಂದರೆ 4 ಕೆ.ಜಿ.ಯಲ್ಲಿ ಸುಮಾರು 1 ಕೆ.ಜಿ. ದಿನಾಂಕ, ಬ್ಲಾಕ್, ಏನು, ಎಷ್ಟು, ಬಿಲ್ ಸಂಖ್ಯೆ, ಷರಾ. ಆರು ಕಾಲಂನಲ್ಲಿ ಮುಗಿಯಿತು.

*ಬೋರರ್.* ಅರೇಬಿಕಾ ಇದ್ದರೆ ಟ್ರೇಸಿಂಗ್ ಮಾಡಿದಾಗ ಬ್ಲಾಕ್‌ವಾರು ಎಷ್ಟು ಗಿಡ ಕಿತ್ತು ಸುಟ್ಟಿರಿ ಅಂತ ಬರೆಯಿರಿ. ಎರಡು ವರ್ಷದ ಸಾಲುಗಳು ಅಕ್ಕಪಕ್ಕ ಬಂದಾಗ ಯಾವ ಕಡೆ ನೆರಳು ಕಡಿಮೆಯಾಗಿದೆ ಅನ್ನುವ ಅನುಮಾನ ಹುಟ್ಟುತ್ತದೆ. ಮರಗಸಿ ಮಾಡಿಸುವ ಮೊದಲು ಅದನ್ನು ನೋಡಿ.

*ಮಾರಾಟ.* 50 ಕೆ.ಜಿ. ಒಣ ಚೆರ್ರಿಯಲ್ಲಿ ಎಷ್ಟು ಕೆ.ಜಿ. ಶುದ್ಧ ಬೀಜ ಬರುತ್ತದೋ ಅದೇ ಔಟ್‌ಟರ್ನ್. 26ಕ್ಕೂ 28ಕ್ಕೂ ಚೀಲಕ್ಕೆ ಎರಡು ಕೆ.ಜಿ. ಬೀಜದ ವ್ಯತ್ಯಾಸ, 40 ಚೀಲಕ್ಕೆ 80 ಕೆ.ಜಿ. ಪ್ರತಿ ಲಾಟಿನ ಔಟ್‌ಟರ್ನ್ ಮತ್ತು ತೇವಾಂಶ ಬರೆದಿಟ್ಟವರಿಗೆ ವ್ಯಾಪಾರಿ ಎದುರು ಕೂತಾಗ ಮಾತಿಗೆ ಆಧಾರ ಇರುತ್ತದೆ. "ಹೋದ ಸಲ ಇದೇ ಬ್ಲಾಕಿಂದು ಎಷ್ಟು ಬಂದಿತ್ತು" ಅಂತ ಫೋನ್ ತಿರುಗಿಸಿ ತೋರಿಸಬಹುದು.

*ಜಾಗದ ಗುರುತು.* ಯುರೋಪ್ ಒಕ್ಕೂಟದ 2023ರ ಅರಣ್ಯನಾಶ ತಡೆ ನಿಯಮ ಕಾಫಿಗೂ ಅನ್ವಯಿಸುತ್ತದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿಗೆ ಹೋಗುವಂತಿಲ್ಲ, ಹಾಗಾಗಿ ತೋಟದ ಅಕ್ಷಾಂಶ, ರೇಖಾಂಶ ಬೇಕು, ಅದೂ ಚುಕ್ಕಿಯ ನಂತರ ಆರು ಅಂಕಿ. ಕೊನೆಯ ಅಂಕಿ ಸೊನ್ನೆ ಆಗಿದ್ದರೆ ಶೀಟ್ ಅದನ್ನು ನುಂಗಿಬಿಡುತ್ತದೆ. ಆ ಕಾಲಂಗೆ ಆರು ಸ್ಥಾನ ನಿಗದಿ ಮಾಡಿ.

ತೋರಿಸುವಾಗ, ಕಳಿಸುವಾಗ

ಗುಂಪಿನವರಿಗೆ ಕಳಿಸಬೇಕಾದರೆ ಲಿಂಕ್ ಕೊಡಿ, ಆದರೆ 'ನೋಡಬಹುದು' ಅಂತ ಮಾತ್ರ ಅನುಮತಿ ಇರಲಿ. ತಿದ್ದುವ ಅನುಮತಿ ಮನೆಯಲ್ಲಿ ಬರೆಯುವವರಿಗಷ್ಟೇ. ಅಧಿಕಾರಿಗಳಿಗೆ, ವ್ಯಾಪಾರಿಗಳಿಗೆ ಪಿಡಿಎಫ್ ಒಳ್ಳೆಯದು: ಯಾವ ಫೋನಿನಲ್ಲೂ ಸಾಲು ಕದಲುವುದಿಲ್ಲ. ಸ್ಕ್ರೀನ್‌ಶಾಟ್ ಬೇಡ, ಅರ್ಧ ಕಾಲಂ ಹೊರಗೆ ಉಳಿಯುತ್ತದೆ. ಮತ್ತು ತೂಕ ಹಾಕಿದ ಚೀಟಿ, ಬಿಲ್ಲು ಎಸೆಯಬೇಡಿ. ಸಂಖ್ಯೆ ಟೇಬಲ್‌ನಲ್ಲಿರಲಿ, ಕಾಗದ ಡಬ್ಬದಲ್ಲಿರಲಿ. ಎರಡೂ ಹೊಂದಿದಾಗಲೇ ಲೆಕ್ಕಕ್ಕೆ ಬೆಲೆ.

ಮುಂದಿನ ವರ್ಷದ ತಪಾಸಣೆ ಏನಾಯ್ತು ಅಂತ ನೀವು ಕೇಳಬಹುದು. ಅದೇ ಕುರ್ಚಿ, ಅದೇ ಪ್ರಶ್ನೆ. ಬ್ಲಾಕ್ ಕಾಲಂನಲ್ಲಿ 'ಗಡಿ' ಮಾತ್ರ ಆರಿಸಿ ಫೋನ್ ಅವರ ಕೈಗೆ ಕೊಟ್ಟೆ. ಹನ್ನೊಂದು ಸಾಲು ಬಂತು. ಅವರು ಮೊತ್ತ ನೋಡಿದರು, ಕಣ 2ರ ಚೀಲ ಎಣಿಸಿದರು, ಮಾರಿದ ಬಿಲ್ ಕೇಳಿದರು. ಷರಾ ಓದಿ ಒಂದು ಕಡೆ ನಕ್ಕರು. ಅಲ್ಲಿ ಅಪ್ಪ ಬರೆದಿದ್ದರು: "ಮಂಗನ ಕಾಟ, ಕಮ್ಮಿ ಬಂತು."

ಹೌದು, ಈಗ ಅಪ್ಪನೂ ಫೋನಿನಲ್ಲೇ ಬರೆಯುತ್ತಾರೆ. ಮೈಕ್ ಒತ್ತಿ ಷರಾವನ್ನು ಬಾಯಲ್ಲೇ ಹೇಳುತ್ತಾರೆ. ಪುಸ್ತಕವನ್ನೂ ಬಿಟ್ಟಿಲ್ಲ, ನಾನೂ ಬಿಡಿ ಅಂದಿಲ್ಲ.

ಈ ವಾರ ಇಷ್ಟು ಮಾಡಿ. ನಾಳೆ ಬೆಳಿಗ್ಗೆ ಮೂರು ಕಾಲಂನ ಒಂದು ಶೀಟ್ ಶುರು ಮಾಡಿ: ದಿನಾಂಕ, ಮಳೆ, ಷರಾ. ಏಳು ದಿನ ಏಳು ಸಾಲು. ಒಂದು ದಿನ ಅಳೆಯುವುದು ತಪ್ಪಿದರೆ ಗಾಬರಿ ಬೇಡ, ಖಾಲಿ ಬಿಟ್ಟು ಯಾಕೆ ಅಂತ ಬರೆಯಿರಿ. ಕೊಯ್ಲಿನ ಟೇಬಲ್ ಆಮೇಲೆ ತಾನಾಗಿ ಒಗ್ಗುತ್ತದೆ.